ಉಚ್ಚಾರಣೆ ಕೇಳಿ ಕಳ್ಳನನ್ನು ಗುರುತಿಸುವ ಕಚೇರಿಗೆ

ವಂಚನೆ ಜಾಗೃತಿ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕರಪತ್ರದಲ್ಲಿ ಬರೆದದ್ದನ್ನು ಅಕ್ಷರಶಃ ಪಾಲಿಸಿದ ಮಹಿಳೆಯೊಬ್ಬರು ಮುಂದಿನ ಗುರುವಾರ ಕೆಲಸ ಕಳೆದುಕೊಳ್ಳುವವರಿದ್ದಾರೆ. ಅವರು ಪಾಲಿಸಿದ್ದು ಮೂರನೆಯ ಸೂಚನೆಯನ್ನು: "ಕರೆ ಮಾಡಿದವರ ಮಾತಿನಲ್ಲಿ ವಿದೇಶಿ ಉಚ್ಚಾರಣೆ ಕೇಳಿಬಂದರೆ ಕರೆಯನ್ನು ಕೂಡಲೇ ನಿಲ್ಲಿಸಿ." ಆ ದಿನ ವಿದೇಶಿ ಉಚ್ಚಾರಣೆಯಲ್ಲಿ ಕರೆ ಮಾಡಿದವನು ನಾನು. ನಾನು ಕಳ್ಳನಲ್ಲ. ಕಳ್ಳರು ಬರುತ್ತಿದ್ದಾರೆ ಎಂದು ಹೇಳಲು ಫೋನ್ ಮಾಡಿದ್ದೆ.

ಈ ಕರಪತ್ರವನ್ನು ನೀವು ಹದಿನಾಲ್ಕು ಭಾಷೆಗಳಲ್ಲಿ ಹೊರತಂದಿದ್ದೀರಿ, ಅದರಲ್ಲಿ ಕನ್ನಡವೂ ಒಂದು. ಸಂತೋಷ. ಕನ್ನಡದಲ್ಲಿ ಬುದ್ಧಿ ಹೇಳಬಲ್ಲ ಕಚೇರಿ ಕನ್ನಡದಲ್ಲಿ ಬಂದ ದೂರನ್ನೂ ಓದಿಸಿಕೊಳ್ಳಬಲ್ಲದು ಎಂಬ ನಂಬಿಕೆಯಿಂದ ಇದನ್ನು ಇಲ್ಲಿ ಐರ್ಲೆಂಡಿನ ನಮ್ಮ ಕನ್ನಡ ಪತ್ರಿಕೆಯಲ್ಲಿ ಪ್ರಕಟಿಸಿ, ಒಂದು ಪ್ರತಿಯನ್ನು ನಿಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಇಂಗ್ಲಿಷಿನಲ್ಲಿ ಮೂರು ಸಲ ಬರೆದದ್ದಾಯಿತು. ಮೂರಕ್ಕೂ ಬಂದ ಉತ್ತರ ಒಂದೇ: "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ." ಅಮೂಲ್ಯವಾದದ್ದನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಪದ್ಧತಿ ನಿಮ್ಮಲ್ಲೂ ಇರುವಂತಿದೆ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ನಾನು ಡಬ್ಲಿನ್ ಹೊರವಲಯದ ಬ್ಲಾಂಚರ್ಡ್ಸ್‌ಟೌನಿನ ಸಣ್ಣ ಕಂಪನಿಯೊಂದರಲ್ಲಿ ಹೆಲ್ಪ್‌ಡೆಸ್ಕ್ ಕೆಲಸಗಾರ. ಸುತ್ತಲಿನ ಮೂವತ್ತೊಂದು ಕಚೇರಿ, ಅಂಗಡಿ, ಕ್ಲಿನಿಕ್‌ಗಳ ಕಂಪ್ಯೂಟರುಗಳನ್ನು ನಾವು ನೋಡಿಕೊಳ್ಳುತ್ತೇವೆ. ಮೂರು ವಾರದ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಮೇನೂತ್‌ನ ನಮ್ಮ ಇಬ್ಬರು ಗ್ರಾಹಕರಿಗೆ ಒಂದೇ ಬಗೆಯ ಬಿಲ್ಲು ಮೇಲ್‌ನಲ್ಲಿ ಬಂತು. ನಿಮ್ಮ ಆಂಟಿವೈರಸ್ ಒಂದು ವರ್ಷಕ್ಕೆ ನವೀಕರಣವಾಗಿದೆ, 389 ಯೂರೋ ಇಂದೇ ಕಡಿತವಾಗುತ್ತದೆ, ಬೇಡವಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಈ ಸಂಖ್ಯೆಗೆ ಕರೆ ಮಾಡಿ. ಬಿಲ್ಲಿನಲ್ಲಿ ಗ್ರಾಹಕರ ಸಂಖ್ಯೆ ಇರಲಿಲ್ಲ, ಕಳಿಸಿದ ವಿಳಾಸ ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದದ್ದು. ಫೋನ್ ಸಂಖ್ಯೆ ಮಾತ್ರ ಮೂರು ಕಡೆ ದಪ್ಪ ಅಕ್ಷರದಲ್ಲಿತ್ತು. ಹಣ ಕೇಳುವ ಬಿಲ್ಲು ಹಣ ಕಟ್ಟುವ ದಾರಿ ತೋರಿಸದೆ, ರದ್ದು ಮಾಡಲು ಫೋನ್ ಮಾಡಿ ಎಂದು ಗೋಗರೆದರೆ ಅದು ಬಿಲ್ಲಲ್ಲ, ಗಾಳ. ಉಳಿದ ಗ್ರಾಹಕರಿಗೆಲ್ಲ ಫೋನ್ ಮಾಡಿ ಎಚ್ಚರಿಸುವ ಕೆಲಸ ನನ್ನ ಪಾಲಿಗೆ ಬಂತು.

ಕ್ಯಾಸಲ್‌ನಾಕ್‌ನ ಒಂದು ಹಲ್ಲಿನ ಕ್ಲಿನಿಕ್‌ಗೆ ಹತ್ತೂವರೆಗೆ ಫೋನ್ ಮಾಡಿದೆ. ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವರ ಕಡೆಯಿಂದ ಮಾತಾಡುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ, "ನೋ ಥ್ಯಾಂಕ್ ಯೂ" ಎಂದು ಆ ಕಡೆಯ ಹೆಣ್ಣುದನಿ ಫೋನ್ ಇಟ್ಟಿತು. ಮತ್ತೆ ಮಾಡಿದೆ. ಈ ಸಲ "ಐ ನೋ ಯುವರ್ ಟ್ರಿಕ್ಸ್" ಎಂಬ ಮಂಗಳಾರತಿಯೂ ಸಿಕ್ಕಿತು. ಮೂರನೆಯ ಸಲ ಯಾರೂ ಎತ್ತಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿ ಕಿಶೋರ್ ನಕ್ಕ. "ಇನ್ಮೇಲೆ ಮೊದ್ಲು ಇಲ್ಲಿಯೋರ ಥರ ಮಳೆ ಬಗ್ಗೆ ಎರಡು ಮಾತಾಡು ಮಾರಾಯ, ಆಮೇಲೆ ಹೆಸ್ರು ಹೇಳು. ನಿನ್ನ ದನಿ ಕೇಳಿದ್ರೆ ನಾನೇ ಇಟ್ಬಿಡ್ತೀನಿ." ನಾನೂ ನಕ್ಕೆ. ಇಂಥದ್ದು ನಮಗೆ ವಾರಕ್ಕೆ ನಾಲ್ಕು ಸಲ ಆಗುತ್ತದೆ. ಒಂದು ಮೇಲ್ ಬರೆದು ಹಾಕಿ ಮುಂದಿನ ಗ್ರಾಹಕರ ಸಂಖ್ಯೆ ಒತ್ತಿದೆ. ಅಲ್ಲಿ ನನ್ನದೂ ತಪ್ಪಿದೆ. ಆ ಕ್ಲಿನಿಕ್ ನಮ್ಮಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಎದ್ದು ಹೋಗಬಹುದಿತ್ತು.

ಮರುದಿನ ಹೋಗಲೇಬೇಕಾಯಿತು. ಅಷ್ಟರಲ್ಲಿ ಆರುನೂರಕ್ಕೂ ಹೆಚ್ಚು ರೋಗಿಗಳ ಹೆಸರು, ಹುಟ್ಟಿದ ದಿನ, ಫೋನ್ ಸಂಖ್ಯೆ ಕಳ್ಳರ ಕೈ ಸೇರಿದ್ದವು. ಸ್ವಾಗತದ ಮೇಜಿನಲ್ಲಿ ಕಣ್ಣು ಕೆಂಪಾಗಿ ಕೂತಿದ್ದವರ ಎದೆಯ ಮೇಲಿನ ಹೆಸರು ಓದಿದೆ: ಅನಸೂಯ. ಮೈಸೂರಿನವರು, ಗಂಡನ ಕೆಲಸದ ನಿಮಿತ್ತ ಇಲ್ಲಿಗೆ ಬಂದವರು. ಎರಡು ವರ್ಷ ಹುಡುಕಿದ ಮೇಲೆ ಸಿಕ್ಕ ಮೊದಲ ಕೆಲಸ. ಆರು ತಿಂಗಳ ಪರೀಕ್ಷಾ ಅವಧಿ ಇನ್ನೂ ಮುಗಿದಿಲ್ಲ.

"ನಿನ್ನೆ ಫೋನ್ ಮಾಡಿದ್ದು ನೀವೇನಾ?"

"ನಾನೇ ಮೇಡಂ."

"ಅಯ್ಯೋ ದೇವ್ರೇ. ನಮ್ಮೋರ ಥರ ಇಂಗ್ಲಿಷ್ ಕೇಳಿದ ತಕ್ಷಣ ಇಟ್ಬಿಟ್ಟೆ ಸರ್. ನನ್ ಇಂಗ್ಲಿಷೇನು ಬೇರೆ ಥರ ಇದ್ಯಾ? ಆದ್ರೂ ಇಟ್ಬಿಟ್ಟೆ."

ಫೋನಿನ ಮೇಲಿನ ಗೋಡೆಗೆ ನಿಮ್ಮ ಕರಪತ್ರ ಅಂಟಿಸಿತ್ತು. ಡಾಕ್ಟರೇ ಅಂಟಿಸಿದ್ದು. ಇವರಿಗೆ ಅನುಕೂಲವಾಗಲೆಂದು ಪಕ್ಕದಲ್ಲಿ ಕನ್ನಡದ ಪ್ರತಿಯನ್ನೂ ತರಿಸಿ ಹಾಕಿದ್ದರು.

ನನ್ನ ಕರೆ ತುಂಡರಿಸಿದ ಮೇಲೆ ಅವರು ಮೇಲ್ ನೋಡಿದ್ದಾರೆ. ಆ ಬಿಲ್ಲು ಅಲ್ಲಿಗೂ ಬಂದಿತ್ತು, ನನ್ನ ಎಚ್ಚರಿಕೆಯ ಮೇಲ್ ಇನ್ನೂ ತಲುಪಿರಲಿಲ್ಲ. ಕ್ಲಿನಿಕ್‌ನ ದುಡ್ಡು ಸುಮ್ಮನೆ ಹೋಗಬಾರದೆಂದು ತಾವೇ ಆ ಸಂಖ್ಯೆಗೆ ಕರೆ ಮಾಡಿದ್ದಾರೆ. ಎತ್ತಿದವನದು ಅಪ್ಪಟ ಐರಿಶ್ ದನಿ. ಬಿಲ್ಲು ರದ್ದು ಮಾಡುವ ನೆಪದಲ್ಲಿ, ಕಂಪ್ಯೂಟರನ್ನು ತಾನು ದೂರದಿಂದ ನಡೆಸಲು ಬೇಕಾದ ಸಾಫ್ಟ್‌ವೇರನ್ನು ಇವರ ಕೈಯಿಂದಲೇ ಹಾಕಿಸಿದ್ದಾನೆ.

"'ಯೂ ಆರ್ ಗ್ರ್ಯಾಂಡ್, ಯೂ ಆರ್ ಗ್ರ್ಯಾಂಡ್' ಅಂತ, ಏನೂ ಆಗಲ್ಲ ಅನ್ನೋ ಥರ, ನಾಲ್ಕು ಸಲ ಸಮಾಧಾನ ಮಾಡ್ದ ಸರ್. ನನ್ ಹೆಸ್ರು ಸರಿಯಾಗಿ ಹೇಳೋವರ್ಗೂ ಬಿಡ್ಲಿಲ್ಲ, ಮೂರು ಸಲ ಕೇಳಿ ಕಲ್ತ. ಇಲ್ಲಿ ಇಷ್ಟು ದಿನದಲ್ಲಿ ಅಷ್ಟು ಕಷ್ಟಪಟ್ಟೋರು ಯಾರೂ ಇಲ್ಲ. ಅವ್ನು ಕಳ್ಳ ಅಂತ ಹೆಂಗೆ ಅಂದ್ಕೊಳ್ಲಿ?"

"ಕಂಪ್ಯೂಟರ್ ಅವನ ಕೈಗೆ ಕೊಟ್ರಲ್ಲ ಮೇಡಂ, ಕರಪತ್ರದಲ್ಲಿ ಬೇಡ ಅಂತ ಇದೆಯಲ್ಲ?"

"'ಕರೆ ಮಾಡಿದ ಅಪರಿಚಿತರಿಗೆ ಕೊಡಬೇಡಿ' ಅಂತಿದೆ, ಓದಿ ನೋಡಿ. ಇಲ್ಲಿ ಕರೆ ಮಾಡಿದ್ದು ನಾನಲ್ವಾ?"

ಓದಿ ನೋಡಿದೆ. ಅವರು ಹೇಳಿದ್ದು ಸರಿ. ನಿಮ್ಮ ಹನ್ನೊಂದು ಸೂಚನೆಗಳಲ್ಲಿ ಒಂದೂ, ನಾವಾಗಿಯೇ ಕರೆ ಮಾಡುವಂತೆ ಹೂಡುವ ಸಂಚಿನ ಬಗ್ಗೆ ಇಲ್ಲ. ಕಳ್ಳ ಯಾವಾಗಲೂ ತಾನೇ ಬಂದು ಬಾಗಿಲು ತಟ್ಟುತ್ತಾನೆಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಅವನ ನಾಲಿಗೆ ಯಾವ ದೇಶದ್ದೆಂದೂ ತೀರ್ಮಾನಿಸಿದೆ. ಕನ್ನಡಿಗರಿಗಾಗಿ ಕನ್ನಡದಲ್ಲಿ ಬರೆದ ಕಾಗದದಲ್ಲಿ "ವಿದೇಶಿ ಉಚ್ಚಾರಣೆ" ಎಂದರೆ ಯಾರದ್ದು ಎಂದು ಅನುವಾದ ಮಾಡಿಸಿದವರಾದರೂ ಒಮ್ಮೆ ಕೇಳಬೇಕಿತ್ತಲ್ಲವೇ? ಈ ಊರುಗಳಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವವರಲ್ಲಿ, ಆಸ್ಪತ್ರೆಯಿಂದ ಫೋನ್ ಮಾಡುವವರಲ್ಲಿ ಎಷ್ಟು ಜನ ಹೊರಗಿನಿಂದ ಬಂದವರು ಎಂಬುದು ನಿಮಗೆ ತಿಳಿಯದೇ? ಅವರ ಕರೆಗಳನ್ನೆಲ್ಲ ತುಂಡರಿಸಿ ಎಂದು ಸರ್ಕಾರಿ ಕಾಗದದಲ್ಲಿ ಅಚ್ಚು ಹಾಕಿಸಿದರೆ ಲಾಭ ಯಾರಿಗೆ? ಇಂಪಾಗಿ ಮಾತಾಡುವ ಕಳ್ಳನಿಗೆ ನಿಮಗಿಂತ ದೊಡ್ಡ ಜಾಹೀರಾತುದಾರ ಸಿಗಲಾರ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ನನ್ನ ಬ್ಯಾಂಕಿನಿಂದ ಬಂದ ನಿಜವಾದ ಕರೆಯನ್ನು, ದನಿ ನಮ್ಮ ಕಡೆಯದೆಂಬ ಒಂದೇ ಕಾರಣಕ್ಕೆ, ನಾನೂ ತುಂಡರಿಸಿದ್ದೆ. ನಮ್ಮನ್ನು ನಾವೇ ಅನುಮಾನಿಸುವುದನ್ನು ಅಷ್ಟು ಚೆನ್ನಾಗಿ ಕಲಿತಿದ್ದೇವೆ. ಕಲಿಸಿದವರಿಗೆ ಹೆಮ್ಮೆಯಾಗಬೇಕು.

ಕಳ್ಳನನ್ನು ಗುರುತಿಸಲು ಕಿವಿ ಸಾಲದು. ಅವನು ಏನು ಮಾಡಿಸುತ್ತಾನೆ ಎಂಬುದನ್ನು ನೋಡಬೇಕು. ಅವಸರ ಮಾಡುತ್ತಾನೆ. ಕಂಪ್ಯೂಟರನ್ನು ದೂರದಿಂದ ನಡೆಸುವ ಸಾಫ್ಟ್‌ವೇರ್ ಹಾಕಿಸುತ್ತಾನೆ. ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ ಎನ್ನುತ್ತಾನೆ. ಪರದೆಯ ಮೇಲೆ ಡಬ್ಲಿನ್ ಸಂಖ್ಯೆ ಕಂಡರೆ ಕರೆ ಡಬ್ಲಿನ್‌ನಿಂದಲೇ ಬಂದಿರಬೇಕೆಂದಿಲ್ಲ. ಬಿಲ್ಲು ನಿಜವೋ ಸುಳ್ಳೋ ಎಂದು ತಿಳಿಯಲು ಬಿಲ್ಲಿನಲ್ಲೇ ಇರುವ ಸಂಖ್ಯೆಗೆ ಫೋನ್ ಮಾಡಬಾರದು, ನಾವೇ ಮೊದಲಿನಿಂದ ಬರೆದಿಟ್ಟುಕೊಂಡ ಸಂಖ್ಯೆಗೆ ಮಾಡಬೇಕು. ನನ್ನ ಕರೆಯ ಮೇಲೆ ಅನುಮಾನ ಬಂದಾಗಲೂ ಅನಸೂಯ ಅವರು ಮಾಡಬೇಕಿದ್ದದ್ದು ಅದನ್ನೇ: ಫೋನ್ ಇಟ್ಟು, ನಮ್ಮ ಕಂಪನಿಗೆ ತಾವೇ ಫೋನ್ ಮಾಡುವುದು. ಇಡುವುದನ್ನು ನೀವು ಹೇಳಿಕೊಟ್ಟಿರಿ, ಮುಂದಿನದನ್ನು ಹೇಳಿಕೊಡಲಿಲ್ಲ.

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಗೆ ಫೋನ್ ಕೂಡ ಮಾಡಿದ್ದೆ. ಗುರುತು ಖಚಿತವಾಗದವರ ಜೊತೆ ಮಾತಾಡುವುದಿಲ್ಲ ಎಂದು ನಿಮ್ಮ ಸಿಬ್ಬಂದಿ ಕರೆ ಮುಗಿಸಿದರು. ಅವರೂ ಕರಪತ್ರ ಓದಿದ್ದಾರೆಂದು ತಿಳಿದು ಸಮಾಧಾನವಾಯಿತು.

ಡಾಕ್ಟರು ಕೆಟ್ಟವರಲ್ಲ. ಆದರೆ ಮಾಹಿತಿ ಸೋರಿಕೆಯ ಬಗ್ಗೆ ಅವರು ವರದಿ ಕೊಡಬೇಕು, ಆ ವರದಿಯಲ್ಲಿ ಯಾರದಾದರೂ ಹೆಸರಿರಬೇಕು. "ನಿಜವಾದ ಎಚ್ಚರಿಕೆಯನ್ನು ಎರಡು ಬಾರಿ ತಿರಸ್ಕರಿಸಿದ್ದು" ಎಂಬುದು ಅನಸೂಯ ಅವರ ಮೇಲಿರುವ ಮುಖ್ಯ ಆರೋಪ. ಮೂರು ವಾರದಿಂದ ಅವರನ್ನು ಮನೆಯಲ್ಲಿ ಕೂರಿಸಿದ್ದಾರೆ. ಗುರುವಾರ ಹತ್ತು ಗಂಟೆಗೆ ವಿಚಾರಣೆ.

ಅವರು ತಪ್ಪೇ ಮಾಡಿಲ್ಲವೆಂದು ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ಕಚೇರಿಯ ಮುದ್ರೆಯಿರುವ ಕಾಗದದಲ್ಲಿ ಎರಡೇ ವಾಕ್ಯ ಬೇಕು. ಒಂದು, ವಿದೇಶಿ ಉಚ್ಚಾರಣೆಯ ಕರೆಯನ್ನು ನಿಲ್ಲಿಸುವಂತೆ ಹೇಳಿದ್ದು ನಾವು, ಅವರು ಅದರಂತೆ ನಡೆದುಕೊಂಡರು. ಎರಡು, ಆ ಸೂಚನೆ ತಪ್ಪು, ಹದಿನಾಲ್ಕು ಭಾಷೆಗಳಿಂದಲೂ ಅದನ್ನು ಹಿಂತೆಗೆದುಕೊಂಡಿದ್ದೇವೆ. ಬುಧವಾರ ಸಂಜೆಯೊಳಗೆ ಅದು ಡಾಕ್ಟರ ಕೈ ಸೇರಬೇಕು. ಶುಕ್ರವಾರ ಬಂದರೆ ನಿಮ್ಮ ಕಡತಕ್ಕೆ ಮಾತ್ರ ಉಪಯೋಗ.

ಇಂತಿ,
ಗುರುವಾರ ಅರ್ಧ ದಿನ ರಜೆ ಹಾಕಿ, ನಿಮ್ಮ ಕಾಗದ ಬಾರದಿದ್ದರೆ ಈ ಪತ್ರವನ್ನೇ ಹಿಡಿದು ವಿಚಾರಣೆಯ ಕೋಣೆಯ ಹೊರಗೆ ಕೂರಲಿರುವ,
ನರಸಿಂಹ
ಬ್ಲಾಂಚರ್ಡ್ಸ್‌ಟೌನ್