ಅವಸರದ ಕುಣಿ

ಹತ್ತರಗಿ
ತಾರೀಖ ೯ ಮೇ, ಸನ್ ೧೯೨೭

ಚಿರಂಜೀವಿ ಸೌಭಾಗ್ಯವತಿ ಕಾಶೆವ್ವಗ ನಿಮ್ಮವ್ವನ ಆಶೀರ್ವಾದ. ಪ್ರತಿ ಪತ್ರದಾಗೂ ನಾ ಇಲ್ಲಿ ಆರಾಮ ಅದೇನಿ ಅಂತ ಬರೀತಿದ್ನಿ. ಬರಿಯೂದು ರೂಢಿ, ಅದಕ್ಕ ಬರೀತಿದ್ನಿ. ಈ ಸಲ ಖರೇನ ಆರಾಮ ಅದೇನಿ.

ನಿನ್ನ ಪತ್ರ ಮುಟ್ಟಿತು. ಬರೂ ಸೋಮವಾರ ಅಳಿಯಂದ್ರು ಗಾಡಿ ಕಟ್ಟಿಕೊಂಡು ಬರತಾರ, ಗಂಟುಮೂಟಿ ಕಟ್ಟಿಟ್ಟಿರು, ಇನ್ನ ಇರೂತನಕ ಮೂಡಲಗಿಯೊಳಗ ನಮ್ಮ ಕಡೆನ ಇರು ಅಂತ ಬರದಿ. ನಿಮ್ಮತ್ತಿಯವರೂ ಒಪ್ಪ್ಯಾರ ಅಂತಿ. ನಿನ್ನ ಮನಸ ದೊಡ್ಡದು, ತಂಗಿ. ಆದ್ರ ಗಾಡಿ ಕಳಸಬ್ಯಾಡ, ನಾ ಬರಾಂಗಿಲ್ಲ. ಯಾಕ ಅಂತ ಹೇಳಾಕನ ಬರಿಯಾಕ ಕುಂತೇನಿ. ಪೂರಾ ಓದು, ನಡುವ ಸಿಟ್ಟಿಗೆದ್ದು ಮಡಚಿ ಇಡಬ್ಯಾಡ. ಆ ಸಿಟ್ಟು ನಿನಗ ಯಾರ ಕಡಿಂದ ಬಂದೈತಿ ಅಂತ ನನಗ ಗೊತ್ತೈತಿ.

ಮಾಘದಾಗ ನಾ ಜ್ವರ ಹಿಡದು ಮಲಗಿದಾಗ ನೀ ಹಸಿ ಬಾಣಂತಿ. ಆಕೀಗೆ ಸುದ್ದಿ ಮುಟ್ಟಿಸಬ್ಯಾಡ್ರಿ ಅಂತ ನಾನ ಹೇಳಿದ್ನಿ. ಹಿಂಗಾಗಿ ಆದದ್ದೆಲ್ಲಾ ನಿನಗ ಮಂದಿ ಬಾಯಿಂದ ಮುಟ್ಟೈತಿ, ಅದರಾಗ ಅರ್ಧಾ ಸುಳ್ಳು. ಖರೇದು ನನ್ನ ಕಡಿಂದ ಕೇಳು.

ಹುಕ್ಕೇರಿಂದ ಬಂದ ವೈದ್ಯರು ನಾಡಿ ಹಿಡದು, ಇವತ್ತಿನ ಹಗಲ ದಾಟಿದ್ರ ದೊಡ್ಡ ಮಾತು ಅಂದ್ರಂತ. ಮಠದ ಐನಾರು ಬಂದು ಹಣಿಗೆ ವಿಭೂತಿ ಹಚ್ಚಿದ್ರು. ನನ್ನ ಗ್ವಾಡಿಗೆ ಆನಿಸಿ ಕುಂಡ್ರಿಸಿದ್ರು. ಬಾಜೂ ಮನಿ ಸಾತವ್ವ ಭಜನಿ ಎತ್ತಿಕೊಂಡ್ಲು. ಉಸರು ಹೋದ ಮ್ಯಾಲ ಕುಣಿ ತೋಡೂದು ನಮ್ಮ ಪದ್ಧತಿ. ಆದ್ರ ನಿಮ್ಮ ಕಾಕಾ ಶಿದ್ರಾಮಗ ಮರುದಿನ ಗೋಕಾಕ ಪ್ಯಾಟಿಗೆ ಹತ್ತಿ ಹೇರಬೇಕಾಗಿತ್ತು. ವೈನಿ ಸಂಜಿಯೊಳಗ ಹ್ಯಾಂಗೂ ಹೋಗತಾಳ, ತಯಾರ ಇರಲಿ ಅಂತ ಮುಂಜಾನೇನ ಹೊಲದಾಗ ನಿಮ್ಮಪ್ಪನವರ ಸಮಾಧಿ ಬಾಜೂಕ ನನ್ನ ಕುಣಿ ತೋಡಾಕ ಹಚ್ಚಿದ. ಅವ ಕೆಟ್ಟಾವಲ್ಲ, ಅವಸರದಾವ.

ನನ್ನ ಕಣ್ಣು ಮುಚ್ಚಿದ್ದರೂ ಕಿವಿ ತೆರದಿದ್ದುವು. ನಿಮ್ಮಪ್ಪನವರು ಸಾಲಿ ಮಾಸ್ತರು, ನನಗ ಅಕ್ಷರ ಕಲಸೂ ಮುಂದ ಒಂದು ಮಾತ ಹೇಳತಿದ್ರು. ಮನಿಷಾ ಯಾಕ ಹುಟ್ಟಿದ್ನಿ ಅನ್ನೂದು ಕಡೀ ಹೊತ್ತಿಗೆ ತಾನ ತಿಳೀತೈತಿ ಅಂತ. ಈಗ ತಿಳೀತೈತಿ, ಈಗ ತಿಳೀತೈತಿ ಅಂತ ನಾ ದಾರಿ ನೋಡಿದ್ನಿ. ತಿಳದದ್ದು ಏನು ಗೊತ್ತೇನು? ಸಾತವ್ವ ರಾಗ ತಪ್ಪಿಸ್ಯಾಳ ಅಂತ. ಅಂಗಳದಾಗ ಹಾಕಿದ ಜ್ವಾಳದ ರಾಶಿಗೆ ಯಾರೂ ಏನೂ ಹೊಚ್ಚಿಲ್ಲ ಅಂತ. ಅಷ್ಟ. ಆವಾಗ ಅಂಜಿಕಿ ಬಂತು, ಕಾಶಿ. ಸಾಯೂದಕ್ಕಲ್ಲ. ನಿಮ್ಮಪ್ಪನವರು ಹೋದ ಮ್ಯಾಲ ನಾ ಬದುಕೇ ಇಲ್ಲ, ಬರೇ ಕಾಯಕೋತ ಕುಂತೇನಿ ಅಂತ ಕಂಡಿತು. ರೊಟ್ಟಿ ಬಡದೇನಿ, ಎಮ್ಮಿ ಹಿಂಡೇನಿ, ನಿನ್ನ ಮದವಿ ಮಾಡೇನಿ, ಎಲ್ಲಾ ಹೊತ್ತ ಹೋಗಲಿ ಅಂತ ಮಾಡಿದ್ದು. ಬಾಳ ಅಳು ಬಂತು. ಹೋಗಾಕತ್ತಾಕಿ ಕಣ್ಣಾಗ ನೀರು ಬಂದದ್ದು ನೋಡಿ ಮಂದಿ ಗಾಬರಿಯಾದ್ರು. ನಾ ಮಜ್ಜಿಗಿ ಕೇಳಿದ್ನಿ.

ಜ್ವರ ಇಳೀತು, ಆದ್ರ ಹೊಲದಾಗ ಕುಣಿ ಹಂಗ ಇತ್ತು. ತೋಡಿದ ಕುಣಿ ಬರಿದ ಬಿಡಬಾರದು, ಬಿಟ್ರ ಮನಿಯಾಗ ಇನ್ನೊಬ್ಬರನ್ನ ಬೇಡತೈತಿ ಅಂತ ಹಿರ್ಯಾರು ಶುರು ಮಾಡಿದ್ರು. ಬಾಳಿ ದಿಂಡಿಗೆ ನನ್ನ ಸೀರಿ ಸುತ್ತಿ ಹೂಳೂಣು ಅಂದ್ರು. ನಾ ದಿಂಬಿಗೆ ಆತು ಕುಂತು ಅಂದ್ನಿ, ಅಂಗಳದಾಗ ಜ್ವಾಳ ಇಲಿ ಪಾಲ ಆಗಾಕತ್ತೈತಿ, ಆ ಕುಣಿಗೆ ಹುಲ್ಲು ಹಾಸಿ ಕಾಳ ತುಂಬ್ರಿ, ಹೆಂಗೂ ನಾವು ನೆಲದಾಗ ಹಗೇವು ಮಾಡಿ ಕಾಳ ಹುಗದಿಡೂ ಮಂದಿ. ಆವಾಗ ನಿಮ್ಮ ಕಾಕಾನ ಮಾರಿ ನೋಡಬೇಕಾಗಿತ್ತು ನೀ. ಐನಾರು ಮಾತ್ರ, ಬರಿದಂತೂ ಇರಾಂಗಿಲ್ಲಲಾ ಅಂದು ನಕ್ಕರು. ಹಂಗಾಗಿ ನಡೀತು.

ಜ್ವಾಳ ತುಂಬೂ ದಿನ ನಾನೂ ಗಾಡಿಯಾಗ ಕುಂತು ಹೋಗಿ ಕುಣಿ ನೋಡಿದ್ನಿ. ತಳಾ ನೆಲಾ ಸಾರಿಸಿದಂಗ ನುಣ್ಣಗ. ಒಂದು ಬೇರಿಲ್ಲ, ಒಂದು ಹರಳಿಲ್ಲ. ಇಷ್ಟು ಚಂದ ಯಾರು ತೋಡ್ಯಾರ ಅಂತ ಕೇಳಿದ್ನಿ. ಬಾಜೂ ಹೊಲದ ಕಲ್ಲಪ್ಪ, ಅಂದ್ಲು ಸಾತವ್ವ. ನಿನಗ ನೆನಪಿರಬೇಕು, ನಿಮ್ಮಪ್ಪನವರ ಓರಗಿ, ಹೇಣ್ತಿ ಹೋದ ಮ್ಯಾಲ ಒಬ್ಬನ ಅದಾನ, ಮಾತ ಕಡಿಮಿ. ಊರಾಗ ಯಾರು ಹೋದರೂ ಕುಣಿಗೆ ಅವನ್ನ ಕರೀತಾರ, ಊಟದ ಹೊತ್ತಿನೊಳಗ ಮುಗಸತಾನ. ನನ್ನದನ್ನ ಹೊತ್ತ ಇಳದರೂ ಮುಗಿಸಿದ್ದಿಲ್ಲಂತ. ನಿಮ್ಮ ಕಾಕಾ ಹೋಗಿ ಒದರ್ಯಾಡಿದ್ದಕ್ಕ, ಕುಣಿ ಮುಗೀಲಾರದ ಯಾರೂ ಹೊರಡಾಂಗಿಲ್ಲ, ಆಕೀಗೆ ಅಷ್ಟು ಹೊತ್ತರ ಸಿಗಲಿ ಅಂದನಂತ. ಸಾತವ್ವ ಇದನ್ನ ನಕ್ಕೋತ ಹೇಳಿದ್ಲು. ನನಗ ನಗಿ ಬರಲಿಲ್ಲ.

ಮೊನ್ನೆ ಬಸವ ಜಯಂತಿ ಮುಂದ ಕಾಳ ತಗದ್ವಿ. ಕೆಡದಂಗ, ಹಾಕಿದ್ದು ಹಾಕಿದಂಗ ಇತ್ತು. ಕುಣಿ ಜ್ವಾಳ ಅಂತ ಯಾರೂ ಮುಟ್ಟವಲ್ರು. ನಾ ರೊಟ್ಟಿ ಬಡದು, ಬದ್ನಿಕಾಯಿ ಎಣಗಾಯಿ ಮಾಡಿ, ಎಲ್ಲಾರ ಮುಂದ ಕಟ್ಟಿ ಮ್ಯಾಲ ಕುಂತು ತಿನ್ನಾಕ ಹತ್ತಿದ್ನಿ. ಕಲ್ಲಪ್ಪ ಬಂದ, ಕೈ ತೊಳಕೊಂಡ, ಒಂದು ರೊಟ್ಟಿ ಕೊಡ್ರಿ ಅಂದ. ತಿಂದು, ಪಲ್ಲೇಕ ಖಾರ ಹೆಚ್ಚಾಗೈತಿ ಅಂದ. ಅವನ ಹಿಂದ ಊರ ತಿಂತು. ನಿಮ್ಮ ಕಾಕಾ ಎರಡ ಚೀಲ ಒಯ್ದ. ಕುಣಿಗೆ ಮಣ್ಣ ಎಳದು ಮುಚ್ಚಿಸಿದ್ನಿ, ಅದರ ಋಣ ಅಲ್ಲಿಗೆ ಮುಗೀತು.

ಇನ್ನ ಎಷ್ಟ ದಿನ ಇರತೇನಿ ಅಂತ ವೈದ್ಯರಿಗೇ ಗೊತ್ತಾಗಲಿಲ್ಲ, ನನಗರ ಹ್ಯಾಂಗ ಗೊತ್ತಾಗಬೇಕು. ಯಾಕ ಹುಟ್ಟಿದ್ನಿ ಅನ್ನೂದೂ ತಿಳೀಲಿಲ್ಲ. ಆದ್ರ ಖಾರ ಹೆಚ್ಚಾಗೈತಿ ಅಂತ ಒಬ್ಬರು ಅಂದಾಗ, ನಾಳೆ ಸ್ವಲ್ಪ ಕಡಿಮಿ ಹಾಕಬೇಕು ಅಂತ ಅನಿಸಿತು. ನಾಳೆ ಅನ್ನೂದು ನನ್ನ ಮನಸಿನ್ಯಾಗ ಬಂದು ಬಾಳ ವರ್ಷ ಆಗಿತ್ತು, ಕಾಶಿ. ಮೂಡಲಗಿಗೆ ಬಂದ್ರ ನೀ ನನ್ನ ಹೂವಿನಂಗ ನೋಡಕೋತಿ, ನಿಮ್ಮತ್ತಿಯವರು ಕುಂತಲ್ಲೆ ಹಾಲು ಕೊಡತಾರ, ನಾ ಮತ್ತ ಕಾಯಾಕ ಕುಂಡ್ರತೇನಿ. ಮುಂದ ನನ್ನ ಎಲ್ಲಿ ಹೂಳತಾರ ಅನ್ನೂದು ಸೈತ ಈಗ ನನಗ ಗೊತ್ತಿಲ್ಲ. ಇಷ್ಟ ದಿನ ನಿಮ್ಮಪ್ಪನವರ ಬಾಜೂಕ ಅಂತ ಖಾತ್ರಿ ಇತ್ತು. ಅದು ಹೋದದ್ದಕ್ಕ ದುಃಖ ಐತಿ, ಅಂಜಿಕಿ ಇಲ್ಲ. ಒಟ್ಟಿನ ಮ್ಯಾಲ ಸುಖದಾಗ ಅದೇನಿ.

ಕೂಸಿಗೆ ಬೇರು ತೇದು ಗುಟ್ಟಿ ಹಾಕೂದು ತಪ್ಪಿಸಬ್ಯಾಡ. ಬಿಸಲಾಗ ಹೊರಗ ಒಯ್ಯಬ್ಯಾಡ. ಅಳಿಯಂದ್ರಿಗೆ, ನಿಮ್ಮತ್ತಿಯವರಿಗೆ ಶರಣು ಹೇಳು.

ಜ್ವರಾ ಗೆದ್ದ ನಿಮ್ಮವ್ವ,
ಗೌರವ್ವ

ತಾ. ಕ.: ಇಷ್ಟೆಲ್ಲಾ ಬರದು ಹೇಳಬೇಕಾದ ಮಾತನ ಬಿಟ್ಟೇನಿ. ಮುಂದಿನ ವಾರದ ಗುರುವಾರ ಸಂಜಿಮುಂದ ಕಲ್ಲಪ್ಪನವರ ಜೋಡಿ ನನ್ನ ಉಡಿಕಿ. ವಿಧವಿಗೆ ಸೀರಿ ಉಡಿಸಿ ಮತ್ತ ಮದವಿ ಮಾಡೂದು ನಮ್ಮಾಗ ನಡದು ಬಂದದ್ದು, ಐನಾರು ಒಪ್ಪ್ಯಾರ. ನಿಮ್ಮ ಕಾಕಾ ಮಾತ ಬಿಟ್ಟಾನ. ಮನಿ, ಹೊಲಾ ಅವಗ ಬಿಟ್ಟು ಉಟ್ಟ ಸೀರಿ ಮ್ಯಾಲ ಹೊಂಟೇನಿ. ನಿಮ್ಮತ್ತಿಯವರು ನನಗ ನಮ್ಮ ಹೊಸ್ತಲಾ ತುಳಿಬ್ಯಾಡ ಅಂದ್ರ ತಡಕೋತೇನಿ, ನೀ ಅಂದ್ರ ತಡಕೊಳ್ಳಾಕ ಆಗಾಂಗಿಲ್ಲ. ಉಡಿಕಿ ಆದವರ ಮಾರಿ ಬೆಳಗಾಗೂತನಕ ಮುತ್ತೈದೇರು ನೋಡಬಾರದು ಅಂತಾರ, ಅದಕ್ಕ ಗುರುವಾರ ಬರಬ್ಯಾಡ, ಶುಕ್ರವಾರ ಕೂಸಿನ್ನ ಕರಕೊಂಡು ಬಾ. ಕಲ್ಲಪ್ಪನವರು ನಿನ್ನ ಮಗಳ ಅಂತ ಕರೀಲೇನು ಅಂತ ಕೇಳ್ಯಾರ. ನಾ ಇನ್ನೂ ಹೂಂ ಅಂದಿಲ್ಲ, ಆಕೀನ್ನ ಕೇಳಿ ಹೇಳತೇನಿ ಅಂದೇನಿ.