ಹೆಡ್ ಮೇಡಂ ಬುಟ್ಟಿ ಮುಟ್ಟಬೇಡ

ಅಕ್ಕಾ,

ನೀನು ಏಳೋ ಮುಂಚೆ ನಾನು ಅಂಗಡಿ ತೆಗೆಯೋಕೆ ಹೊರಟೆ. ನಿನ್ನೆ "ಚಳಿ ಬಂತು, ಇನ್ನೆಲ್ಲಿ ಮರಿ ಆಗುತ್ತೋ? ನಾಳೆ ಮೊಟ್ಟೆ ಎತ್ತಿ ಬಿಸಾಕ್ತೀನಿ" ಅಂದಿದ್ದೆಯಲ್ಲ, ಎತ್ತಬೇಡ.

ಕೋಳಿಗಳಿಗೆ ನುಚ್ಚು ಹಾಕು. ಕಾವಿಗೆ ಕೂತಿರೋ ಹೆಡ್ ಮೇಡಂಗೆ ಮಾತ್ರ ಬುಟ್ಟಿ ಪಕ್ಕಾನೇ ಇಡು, ಅವಳು ಏಳಲ್ಲ. ಗೂಡಿಗೆ ಕಟ್ಟಿರೋ ಗೋಣಿಚೀಲಕ್ಕೆ ನೀರು ಚಿಮುಕಿಸಬೇಡ ತಾಯೀ, ಅದು ಬೇಸಿಗೆ ಉಪಚಾರ. ನಿನ್ನೆ ನೀನು ಅಭ್ಯಾಸಬಲದಿಂದ ನೆನೆಸಿಬಿಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ, ಪಾಪ, ಎರಡೂ ರೆಕ್ಕೆ ಹರಡಿ ಮೊಟ್ಟೆ ಮುಚ್ಕೊಂಡು ಕೂತಿದ್ಲು. ಈಗ ಒಣಚೀಲ ಕಟ್ಟಿದ್ದೀನಿ.

ಇನ್ನೊಂದು ವಿಷಯ. ನಮ್ಮ ಹುಂಜ ನಂಗೆ ದಿನಾ ಹವಾಮಾನ ವರದಿ ಕೊಡುತ್ತೆ ಅಂದ್ರೆ ನೀನು ನಂಬಲಿಲ್ಲ, ಹೋಗಲಿ. ಆದ್ರೆ ಇವತ್ತು ಮೊಟ್ಟೆಯೊಳಗಿಂದ ಯಾರೋ "ಚಿಂವ್" ಅಂದ್ರು. ಹೆಡ್ ಮೇಡಂ ತಲೆ ಬಗ್ಗಿಸಿ ಮೆತ್ತಗೆ "ಕೊಕ್" ಅಂದ್ಲು. ಒಳಗಿಂದ ಮತ್ತೆ "ಚಿಂವ್". ಒಬ್ಬರ ಮುಖ ಒಬ್ಬರು ಇನ್ನೂ ನೋಡಿಲ್ಲ, ತಾಯಿ ಮಕ್ಕಳು ಆಗಲೇ ಮಾತಿಗೆ ಕೂತಿದ್ದಾರೆ ಅಕ್ಕಾ!

ನನ್ನ ಮಾತು ನಂಬಬೇಡ. ಒಂದ್ಸಲ ಬಗ್ಗಿ ಬುಟ್ಟಿಗೆ ಕಿವಿ ಕೊಡು. ಆಮೇಲೂ ಎತ್ತೋಕೆ ಕೈ ಬಂದ್ರೆ ಎತ್ತು.