ಶ್ರಾವಣದ ಕೊನೆಯ ಸೋಮವಾರ

ಕೊಳ್ಳೇಗಾಲ

ಪೂಜ್ಯ ಅತ್ತೆಯವರಿಗೆ ಕುಸುಮಳ ನಮಸ್ಕಾರಗಳು.

ಆಸ್ಪತ್ರೆಯಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳದೆಯೇ ಇದ್ದುಬಿಡೋಣ ಎಂದುಕೊಂಡಿದ್ದೆ. ಆದರೆ ಮೊನ್ನೆ ಫೋನಿನಲ್ಲಿ ನೀವು, "ಆ ಡಾಕ್ಟ್ರಮ್ಮನ ಕೈಗುಣ ಸರಿಯಿಲ್ಲ ಕಣವ್ವ, ಬ್ಯಾರೆ ಕಡೆ ಓಗಿ" ಎಂದಿರಿ. ತಪ್ಪು ಅವರದಲ್ಲ.

ಸ್ಕ್ಯಾನ್ ಮಾಡಿದಾಗ ನನ್ನ ಗರ್ಭಕೋಶದ ಒಳಪದರ ಆರು ಮಿಲಿಮೀಟರ್ ದಪ್ಪ ಕೂಡ ಇರಲಿಲ್ಲ. ಏಳಾದರೂ ಬೇಕು, ಭ್ರೂಣ ಫ್ರೀಜ್ ಆಗಿಯೇ ಇರಲಿ, ಮುಂದಿನ ತಿಂಗಳು ನೋಡೋಣ ಎಂದರು ಡಾಕ್ಟರ್. ನಮಗೆ ಉಳಿದಿದ್ದುದು ಅದೊಂದೇ ಭ್ರೂಣ. ನೀವು ಮಾತ್ರ, "ಸ್ರಾವಣದ ಸ್ವಾಮಾರ, ಮಾದಪ್ಪನ ದಿನ, ತಪ್ಪುಸ್ಬ್ಯಾಡಿ" ಎಂದಿದ್ದಿರಿ. ನಾನೇ ಹಟ ಹಿಡಿದು ಅಂದೇ ಹಾಕಿಸಿಕೊಂಡೆ. ಅಪಾಯವನ್ನು ಇಂಗ್ಲಿಷಿನಲ್ಲಿ ವಿವರಿಸಿದ್ದ ಕಾಗದವನ್ನು ಎರಡು ಸಲ ಓದಿ ಸಹಿ ಮಾಡಿದೆ. ಭ್ರೂಣ ನಿಲ್ಲಲಿಲ್ಲ. ನೀವು ಕೇಳಿದ್ದು ಒಂದು ಒಳ್ಳೆಯ ದಿನವನ್ನು ಅಷ್ಟೇ. ಕಾಯಲಾರದೆ ಹೋದವಳು ನಾನು. ಕಾದಿದ್ದರೆ ನಿಲ್ಲುತ್ತಿತ್ತೇ? ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ನನಗೆ ನಲವತ್ತಮೂರು. ಇನ್ನೊಂದು ಆಸ್ಪತ್ರೆ ಬೇಡ, ಹೊಸ ಹರಕೆಯೂ ಬೇಡ. ನನ್ನ ಸುದ್ದಿ ಬರಲೆಂದು ಕಿರಿಸೊಸೆ ಸಿಂಧುವಿನ ಬಳೆ ಶಾಸ್ತ್ರವನ್ನು ತಡೆದಿದ್ದೀರಿ. ಅವಳಿಗೆ ಏಳು ತಿಂಗಳು ತುಂಬುತ್ತಿದೆ. ಪಿತೃಪಕ್ಷ ಬರುವ ಮೊದಲೇ ಮಾಡಿಬಿಡಿ. ಹಸಿರು ಬಳೆಗಳನ್ನು ಇಲ್ಲಿಂದ ನಾನು ಕಳಿಸುತ್ತೇನೆ, ಅವಳ ಕೈ ಅಳತೆ ತಿಳಿಸಿ. ನನ್ನನ್ನು ಬಾ ಎನ್ನಬೇಡಿ.

ನಿಮ್ಮ ಸೊಸೆ,
ಕುಸುಮ

ತಾ.ಕ.: ಆ ದಿನವನ್ನು ಗೊತ್ತುಮಾಡಿದವರು ಡಾಕ್ಟರೇ ಎಂದು ನಿಮ್ಮ ಮಗ ಇಂದಿಗೂ ತಿಳಿದಿದ್ದಾರೆ. ಗುರುವಾರ ಅವರಿಗೆ ನಿಜ ಹೇಳುತ್ತೇನೆ. ಆಮೇಲೆ ಇದನ್ನು ಅಂಚೆಗೆ ಹಾಕುತ್ತೇನೆ: ಶುಕ್ರವಾರ, ಆಗಸ್ಟ್ 22.